ಈ ಇಪ್ಪತ್ತನಾಲ್ಕರಲ್ಲಿ ನೀವು ಓದಿದ್ದು ಯಾವುದು?

ಪ್ರಿಯ ಲೇಖಕರೇ,

ನೀವು ಕಳುಹಿಸಿದ ‘ಎಲ್ಲರೂ ಓದಲೇಬೇಕಾದ 24 ಕನ್ನಡ ಪುಸ್ತಕಗಳು’ ಎಂಬ ಲೇಖನವನ್ನು ಎರಡು ಬಾರಿ ಓದಿದೆ. ಭಾಷೆ ಶುದ್ಧವಾಗಿದೆ, ಕಾಗುಣಿತ ತಪ್ಪಿಲ್ಲ, ಕಾದಂಬರಿ, ಸಣ್ಣಕಥೆ, ಕವಿತೆ, ನಾಟಕ, ಆತ್ಮಕಥೆ, ವಿಜ್ಞಾನ ಎಂದು ಪ್ರಕಾರವಾರು ವಿಂಗಡಿಸಿರುವುದು ಅಚ್ಚುಕಟ್ಟಾಗಿದೆ. ಆದರೆ ಲೇಖನವನ್ನು ಈಗಿರುವ ರೂಪದಲ್ಲಿ ಪ್ರಕಟಿಸಲಾರೆ. ಇಷ್ಟನ್ನು ತಿಳಿಸಲು ಎರಡು ಸಾಲು ಸಾಕಿತ್ತು. ಇಷ್ಟು ದೀರ್ಘವಾಗಿ ಬರೆಯಲು ಕಾರಣ ನಿಮ್ಮ ಐದನೆಯ ಪುಟದಲ್ಲಿರುವ ಒಂದೇ ಒಂದು ವಾಕ್ಯ. ಅದರ ಮಾತು ಆಮೇಲೆ.

ನನಗೆ ಸಿಟ್ಟು ತರಿಸಿದ್ದು ನಿಮ್ಮ ವಿಶೇಷಣಗಳು. ‘ಒಂದೇ ಗುಕ್ಕಿನಲ್ಲಿ ಓದಿಸಿಕೊಂಡು ಹೋಗುವ’ ಎಂಬ ಮಾತು ಲೇಖನದಲ್ಲಿ ಏಳು ಬಾರಿ ಬಂದಿದೆ, ‘ಮನಮುಟ್ಟುವ’ ಎಂಬುದು ಒಂಬತ್ತು ಬಾರಿ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕುರಿತು ನೀವು ಬರೆದದ್ದು ಹೀಗಿದೆ: ‘ಮಲೆನಾಡಿನ ಬದುಕನ್ನು ಕಣ್ಣಿಗೆ ಕಟ್ಟುವಂತೆ ಚಿತ್ರಿಸುವ ಈ ಕಾದಂಬರಿ ಒಂದೇ ಗುಕ್ಕಿನಲ್ಲಿ ಓದಿಸಿಕೊಂಡು ಹೋಗುತ್ತದೆ, ಕಥಾನಾಯಕನ ಪಾತ್ರ ಮನಮುಟ್ಟುತ್ತದೆ.’ ಈ ವಾಕ್ಯದ ಮುಂದೆ ನಾನು ಬಹಳ ಹೊತ್ತು ಕುಳಿತಿದ್ದೆ. 1967ರಲ್ಲಿ ಬಂದ ಆ ಬೃಹತ್ ಕಾದಂಬರಿಯನ್ನು ಒಂದೇ ಗುಕ್ಕಿನಲ್ಲಿ ಓದಿ ಮುಗಿಸಿದವರನ್ನು ನಾನು ಕಂಡಿಲ್ಲ. ಅದು ನಿಧಾನವಾಗಿ ಓದಿಸಿಕೊಳ್ಳುವ ಪುಸ್ತಕ. ಮೊದಲ ನೂರು ಪುಟಗಳಲ್ಲಿ ಯಾರು ಯಾರ ಮನೆಯವರು, ಯಾವ ದಾರಿ ಎಲ್ಲಿಗೆ ಹೋಗುತ್ತದೆ ಎಂದು ತಡವರಿಸುತ್ತಲೇ ನಡೆಯಬೇಕಾಗುತ್ತದೆ, ಮತ್ತು ಹಾಗೆ ತಡವರಿಸುವುದೇ ಆ ಕಾಡಿನೊಳಗೆ ಹೋಗುವ ಬಗೆ. ಇನ್ನು ನೀವು ಹೇಳುವ ಕಥಾನಾಯಕ ಯಾರು? ಗುತ್ತಿಯೇ, ಮುಕುಂದಯ್ಯನೇ, ಐತನೇ? ಇಲ್ಲಿ ಯಾರೂ ಮುಖ್ಯರಲ್ಲ, ಯಾರೂ ಅಮುಖ್ಯರಲ್ಲ ಎಂದು ಲೇಖಕರೇ ಕೃತಿಯ ಬಾಗಿಲಿನಲ್ಲಿ ಬರೆದು ನಿಲ್ಲಿಸಿದ್ದಾರೆ. ಗುತ್ತಿಯ ಜೊತೆ ಹೆಜ್ಜೆ ಹಾಕುವ ಹುಲಿಯ ಎಂಬ ನಾಯಿಗೂ ಅಲ್ಲಿ ಹೆಗ್ಗಡೆಯವರಿಗೆ ಇರುವಷ್ಟೇ ಜಾಗವಿದೆ. ಹುಲಿಯನ ಬಗ್ಗೆ ಒಂದು ಸಾಲು ಬರೆದಿದ್ದರೂ ನೀವು ಪುಸ್ತಕವನ್ನು ಓದಿದ್ದೀರಿ ಎಂದು ನಾನು ನಂಬುತ್ತಿದ್ದೆ.

ಮುಂದಿನ ಪುಟದಲ್ಲಿ ಬಾನು ಮುಷ್ತಾಕ್ ಅವರ ‘ಹಾರ್ಟ್ ಲ್ಯಾಂಪ್’ ಅನ್ನು ‘ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದ ಮನಮುಟ್ಟುವ ಕಾದಂಬರಿ’ ಎಂದು ಕರೆದಿದ್ದೀರಿ. ಅದು ಕಾದಂಬರಿಯಲ್ಲ. ಅವರ ಹನ್ನೆರಡು ಸಣ್ಣಕಥೆಗಳನ್ನು ಆಯ್ದು ದೀಪಾ ಭಾಸ್ತಿ ಅವರು ಇಂಗ್ಲಿಷಿಗೆ ಅನುವಾದಿಸಿದ ಸಂಕಲನ. 2025ರಲ್ಲಿ ಅದಕ್ಕೆ ಆ ಪ್ರಶಸ್ತಿ ಬಂದಾಗ, ಸಣ್ಣಕಥೆಗಳ ಸಂಕಲನವೊಂದಕ್ಕೆ ಅದು ಸಂದದ್ದು ಅದೇ ಮೊದಲು ಎಂದು ಪತ್ರಿಕೆಗಳು ಬರೆದವು. ಪ್ರಶಸ್ತಿಯ ಹೆಸರು ನಿಮಗೆ ಗೊತ್ತಿದೆ, ಪುಸ್ತಕದ ಪ್ರಕಾರ ಗೊತ್ತಿಲ್ಲ. ಪ್ರಕಾರವಾರು ಪಟ್ಟಿ ಮಾಡಹೊರಟ ಲೇಖನದಲ್ಲಿ ಇದನ್ನು ಕೈತಪ್ಪೆಂದು ಬಿಡಲು ನನಗೆ ಮನಸ್ಸು ಬರಲಿಲ್ಲ. ಒಂದು ಕಥೆಯನ್ನಾದರೂ ಕನ್ನಡದಲ್ಲಿ ಓದಿ, ಅದರಲ್ಲಿ ಯಾರು ಯಾರಿಗೆ ಏನೆಂದರು ಎಂದು ಬರೆದಿದ್ದರೆ ಪ್ರಶಸ್ತಿಯ ಹೆಸರೇ ಬೇಕಿರಲಿಲ್ಲ.

ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಕೃತಿಯನ್ನು ವಿಜ್ಞಾನದ ಕಪಾಟಿನಲ್ಲಿಟ್ಟು ‘ಸಸ್ಯಗಳ ಕುರಿತ ಮಾಹಿತಿಯ ಕಣಜ, ವಿದ್ಯಾರ್ಥಿಗಳಿಗೆ ಉಪಯುಕ್ತ’ ಎಂದಿದ್ದೀರಿ. ಇದು ನನಗೆ ಎಲ್ಲಕ್ಕಿಂತ ಹೆಚ್ಚು ನೋವು ಕೊಟ್ಟ ಸಾಲು. ಈ ವಿವರಣೆಯನ್ನು ಓದಿದ ಯಾವ ಹುಡುಗನೂ ಆ ಪುಸ್ತಕವನ್ನು ಮುಟ್ಟುವುದಿಲ್ಲ. ಅಧ್ಯಾಪಕರೊಬ್ಬರು ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಕಾಡು ಸುತ್ತುವ ಕಥನ ಅದು; ದಾರಿಯಲ್ಲಿ ಹರಟೆಯಿದೆ, ತಮಾಷೆಯಿದೆ, ಕೀಟಲೆಯಿದೆ, ನಡುನಡುವೆ ಸ್ವಾಮಿಯವರೇ ಬಿಡಿಸಿದ ಗೆರೆಚಿತ್ರಗಳಿವೆ, ಮತ್ತು ಓದುತ್ತ ಓದುತ್ತ ಗಿಡವೊಂದರ ಹೆಸರು ನಿಮಗೇ ತಿಳಿಯದಂತೆ ನಾಲಿಗೆಯ ಮೇಲೆ ಕುಳಿತಿರುತ್ತದೆ. ಅದನ್ನು ಪ್ರವಾಸಕಥನವೆನ್ನಬೇಕೇ, ಪ್ರಬಂಧವೆನ್ನಬೇಕೇ, ವಿಜ್ಞಾನವೆನ್ನಬೇಕೇ ಎಂದು ನೀವು ಒಂದು ಕ್ಷಣ ತಬ್ಬಿಬ್ಬಾಗಿದ್ದರೂ ಸಾಕಿತ್ತು. ಹಾರುವ ಓತಿಯ ಬೆನ್ನುಹತ್ತುವ ಪೂರ್ಣಚಂದ್ರ ತೇಜಸ್ವಿಯವರ ಕಾದಂಬರಿ ‘ಕರ್ವಾಲೊ’ ಬಗ್ಗೆಯೂ ಇದೇ ಮಾತು. ಪುಸ್ತಕವನ್ನು ಓದಿದವರಿಗೆ ಕಪಾಟು ಸಾಲದಾಗುತ್ತದೆ. ಬೆನ್ನುಡಿಯನ್ನಷ್ಟೇ ಓದಿದವರಿಗೆ ಎಲ್ಲವೂ ಸಲೀಸಾಗಿ ಕಪಾಟಿನೊಳಗೆ ಕೂರುತ್ತವೆ.

ಇಷ್ಟು ಕಟುವಾಗಿ ಬರೆಯುವುದಕ್ಕೆ ನನಗೊಂದು ಕಾರಣವಿದೆ. ನಾನು ಕೆಲಸ ಕಲಿತದ್ದು ಒಂದು ವಾರಪತ್ರಿಕೆಯಲ್ಲಿ, ಹೊಸ ಪುಸ್ತಕಗಳ ಕಿರುಪರಿಚಯ ಬರೆಯುವ ಮೂಲಕ. ವಾರಕ್ಕೆ ಎಂಟು ಪುಸ್ತಕ, ಒಂದೊಂದಕ್ಕೆ ಅರವತ್ತು ಪದ. ಎಂಟನ್ನೂ ಓದಲು ಸಮಯವಿರಲಿಲ್ಲವೆಂದು ನನಗೆ ನಾನೇ ಹೇಳಿಕೊಂಡು ಮುನ್ನುಡಿ, ಬೆನ್ನುಡಿ ಮತ್ತು ಮೊದಲ ಹದಿನೈದು ಪುಟಗಳಿಂದ ಪರಿಚಯ ಸಿದ್ಧಪಡಿಸುತ್ತಿದ್ದೆ. ಒಮ್ಮೆ ಒಂದು ಕಥಾಸಂಕಲನದ ಮೊದಲ ಎರಡು ಕಥೆಗಳನ್ನು ಓದಿ, ಅವು ಹಗುರವಾಗಿ, ಸಂತೋಷವಾಗಿ ಇದ್ದುದರಿಂದ ‘ಮಕ್ಕಳ ಜೊತೆ ಕುಳಿತು ಓದಬಹುದಾದ ಪುಸ್ತಕ’ ಎಂದು ಬರೆದೆ. ಮೂರು ವಾರಗಳ ನಂತರ ಒಬ್ಬ ತಾಯಿಯಿಂದ ಕಾಗದ ಬಂತು. ಬೈಗುಳ ಒಂದೂ ಇರಲಿಲ್ಲ. ಐದನೆಯ ಕಥೆಯಲ್ಲಿ ಮಗುವೊಂದು ಬಾವಿಗೆ ಬಿದ್ದು ಸಾಯುತ್ತದೆ, ಮಗಳಿಗೆ ಓದಿ ಹೇಳುತ್ತ ಹೇಳುತ್ತ ಆ ಪುಟಕ್ಕೆ ಬಂದುಬಿಟ್ಟೆ, ಆ ಕಥೆ ಅದರಲ್ಲಿದೆ ಎಂದು ನಿಮಗೆ ಗೊತ್ತಿತ್ತೇ ಎಂದಷ್ಟೇ ಕೇಳಿದ್ದರು.

ಆ ಕಾಗದವನ್ನು ನನ್ನ ಸಂಪಾದಕರ ಮೇಜಿನ ಮೇಲಿಟ್ಟೆ. ಅವರು ಓದಿ, ಕನ್ನಡಕ ತೆಗೆದು, ‘ಉತ್ತರ ಬರಿ’ ಎಂದರು. ಗೊತ್ತಿರಲಿಲ್ಲ ಎಂದು ಬರೆಯುವುದು ಎಷ್ಟು ಕಷ್ಟವೆಂದು ಅಂದು ತಿಳಿಯಿತು. ನಾಲ್ಕು ಸಾಲಿನ ಆ ಉತ್ತರಕ್ಕೆ ಒಂದು ಇಡೀ ಮಧ್ಯಾಹ್ನ ಹಿಡಿಯಿತು. ಅನಂತರ ಅವರು ನನಗೊಂದು ಅಭ್ಯಾಸ ಹಾಕಿಕೊಟ್ಟರು. ಪುಸ್ತಕ ಮುಗಿಸಿದ ಮೇಲೆ ಅದನ್ನು ಮುಚ್ಚಿ ಬೇರೆ ಕೋಣೆಯಲ್ಲಿಟ್ಟು ಬರಬೇಕು. ಮರುದಿನ, ಪುಸ್ತಕದ ಕೊನೆಯ ಮೂರನೆಯ ಒಂದು ಭಾಗದಲ್ಲಿ ನೆನಪಿನಲ್ಲಿ ಉಳಿದ ಒಂದು ಸಂಗತಿಯನ್ನು ವಿಶೇಷಣವಿಲ್ಲದೆ ಬರೆಯಬೇಕು. ಏನೂ ಉಳಿದಿರದಿದ್ದರೆ ಆ ಪುಸ್ತಕವನ್ನು ಇನ್ನೊಬ್ಬರಿಗೆ ಓದಿ ಎನ್ನಬಾರದು. ಎಂಟು ಪುಸ್ತಕಗಳ ಅಂಕಣ ಎರಡಕ್ಕಿಳಿಯಿತು. ಅವರು ಅದನ್ನು ಒಪ್ಪಿದರು.

ಈಗ ನಿಮ್ಮ ಐದನೆಯ ಪುಟಕ್ಕೆ ಬರುತ್ತೇನೆ. ಸಿದ್ಧಲಿಂಗಯ್ಯನವರ ಆತ್ಮಕಥನ ‘ಊರು ಕೇರಿ’ಯ ಬಗ್ಗೆ, ಎಂದಿನಂತೆ ಎರಡು ವಿಶೇಷಣಗಳನ್ನು ದಾಟಿದ ಮೇಲೆ, ನೀವು ಹೀಗೆ ಬರೆದಿದ್ದೀರಿ: ‘ಎತ್ತುಗಳ ಜಾಗದಲ್ಲಿ ಇಬ್ಬರು ಮನುಷ್ಯರು ನೊಗಕ್ಕೆ ಹೆಗಲು ಕೊಟ್ಟಿರುವುದನ್ನು ಹುಡುಗ ಮೋಜಿನಿಂದ ನೋಡುತ್ತಾನೆ, ಅವರಲ್ಲೊಬ್ಬರು ತನ್ನ ತಂದೆ ಎಂದು ತಿಳಿಯುವ ಪುಟ ಬಂದಾಗ ನಾನು ಪುಸ್ತಕ ಮಡಚಿ ದೀಪ ಆರಿಸಿದೆ, ನಿದ್ದೆ ಬರಲಿಲ್ಲ.’ ಇಡೀ ಲೇಖನದಲ್ಲಿ ನಿಮ್ಮ ಧ್ವನಿ ಕೇಳಿಸಿದ್ದು ಇಲ್ಲಿ ಮಾತ್ರ. ಇದನ್ನು ಓದಿದವರು ಆ ಪುಸ್ತಕವನ್ನು ಹುಡುಕಿಕೊಂಡು ಹೋಗುತ್ತಾರೆ, ನೀವು ಓದಲೇಬೇಕೆಂದು ಒತ್ತಾಯಿಸುವ ಅಗತ್ಯವೇ ಬೀಳುವುದಿಲ್ಲ. ಇಷ್ಟು ಬರೆಯಬಲ್ಲವರು ಉಳಿದ ಇಪ್ಪತ್ತಮೂರು ಕಡೆ ಯಾರೋ ಬರೆದ ಮಾತುಗಳನ್ನು ಏಕೆ ಜೋಡಿಸಿದರು ಎಂಬುದೇ ನನ್ನ ವ್ಯಥೆ.

ಈ ವಾಕ್ಯದ ಮುಂದೆಯೂ ಇನ್ನೊಂದು ವಾಕ್ಯ ಬೇಕು. ಆ ಪುಸ್ತಕದ ತುಂಬ ನಗುವೂ ಇದೆ, ಇಂಥ ಪುಟಗಳ ಪಕ್ಕದಲ್ಲೇ ಇದೆ. ನಿದ್ದೆಗೆಟ್ಟ ಆ ರಾತ್ರಿಯ ಮರುದಿನ ನೀವು ಮುಂದಕ್ಕೆ ಓದಿರಬೇಕು, ಎಲ್ಲೋ ನಕ್ಕಿರಲೂಬೇಕು. ಎಲ್ಲಿ ಎಂದು ಬರೆಯಿರಿ. ಅದನ್ನು ಬಿಟ್ಟರೆ ಓದುಗರಿಗೆ ಅರ್ಧ ಪುಸ್ತಕದ ಸುದ್ದಿಯನ್ನು ಮಾತ್ರ ಕೊಟ್ಟಂತಾಗುತ್ತದೆ.

ನಾಟಕ ಮತ್ತು ಕವಿತೆಗಳ ಭಾಗಕ್ಕೆ ನಾನು ಕೈ ಹಾಕುವುದಿಲ್ಲ. ಆದರೆ ಕೆ.ಎಸ್. ನರಸಿಂಹಸ್ವಾಮಿಯವರ ‘ಮೈಸೂರು ಮಲ್ಲಿಗೆ’ಯನ್ನೂ ಗೋಪಾಲಕೃಷ್ಣ ಅಡಿಗರ ‘ಭೂಮಿಗೀತ’ವನ್ನೂ ‘ಕಾವ್ಯಪ್ರಿಯರಿಗೆ’ ಎಂದು ಒಂದೇ ಉಸಿರಿನಲ್ಲಿ ಕೊಡುವುದು ಸರಿಯಲ್ಲ. ‘ಮಲ್ಲಿಗೆ’ಯ 1942ರ ಆ ದಾಂಪತ್ಯಗೀತೆಗಳನ್ನು ಗುನುಗುತ್ತ ಬಂದವರು 1959ರ ಅಡಿಗರ ಸಂಕಲನದ ಮೊದಲ ಪುಟದಲ್ಲೇ ಎಡವುತ್ತಾರೆ. ಯಾರಿಗೆ ಯಾವುದನ್ನು ಮೊದಲು ಕೊಡಬೇಕು, ಎರಡನೆಯದಕ್ಕೆ ಎಷ್ಟು ತಾಳ್ಮೆ ಬೇಕು ಎಂಬುದನ್ನು ಶಿಫಾರಸು ಮಾಡುವವರು ಹೇಳಬೇಕು.

ಇಪ್ಪತ್ತನಾಲ್ಕನ್ನು ಮೂರಕ್ಕಿಳಿಸಿ, ಕೊನೆಯ ಪುಟದವರೆಗೆ ಓದಿರುವ ಮೂರೇ ಪುಸ್ತಕಗಳ ಬಗ್ಗೆ ಬರೆದು ಕಳುಹಿಸಿ. ಪ್ರಕಾರಗಳು ಬೇರೆ ಬೇರೆಯಾಗಿದ್ದರೆ ಒಳ್ಳೆಯದು, ಆಗದಿದ್ದರೂ ಚಿಂತೆಯಿಲ್ಲ. ಪುಸ್ತಕ ಎಲ್ಲಿ ಬೇಸರ ತರಿಸಿತು, ಯಾರಿಗೆ ಹಿಡಿಸಲಾರದು ಎಂಬುದನ್ನೂ ಮುಚ್ಚಿಡಬೇಡಿ. ‘ಊರು ಕೇರಿ’ಯ ಆ ವಾಕ್ಯವನ್ನು ಮಾತ್ರ ಒಂದಕ್ಷರವೂ ತಿದ್ದದೆ ಲೇಖನದ ಮೊದಲ ಸಾಲಾಗಿ ಇಡಿ.

ವಿಶ್ವಾಸದಿಂದ,
ಸಂಪಾದಕ