ಗಿರ್ಮಿಟ್ ಕಾಯೂದಿಲ್ಲ, ಪೇಢೆ ಕಾಯ್ತದ

ಪ್ರಶ್ನೆ: ಮದುವೆಯಾಗಿ ಮೈಸೂರಿನಿಂದ ಹುಬ್ಬಳ್ಳಿಗೆ ಬಂದು ಆರು ತಿಂಗಳಾಯಿತು. ಮೊನ್ನೆ ಬೀದಿ ತಿನಿಸುಗಳ ಮೇಳಕ್ಕೆ ಮನೆಯ ನಾಲ್ವರೂ ಹೋಗಿದ್ದೆವು. ಮೂರನೇ ಮಳಿಗೆಗೇ ಹೊಟ್ಟೆ ತುಂಬಿತು, ಉಳಿದದ್ದನ್ನು ನೋಡಿಕೊಂಡು ಬಂದೆವು. ಎಲ್ಲರೂ ಹೊಗಳುವ ಗಿರ್ಮಿಟ್ ಮೆತ್ತಗೆ ಮುದ್ದೆಯಾಗಿತ್ತು. ಅದು ಇರುವುದೇ ಹಾಗೆಯೇ?
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಇಲ್ಲ ತಂಗಿ, ಹಾಗಿರೋದಿಲ್ಲ. ಪತ್ರ ಓದಿ ನನಗೆ ಖರೇನ ಸಂಕಟವಾಯಿತು. ಈ ಊರಿಗೆ ಹೊಸದಾಗಿ ಬಂದವರಿಗೆ ಮೊದಲ ಗಿರ್ಮಿಟ್ಟೇ ಕೆಟ್ಟದ್ದು ಸಿಗಬಾರದು.

ನಿಮ್ಮ ಕಡೆ ಚುರುಮುರಿ ಅಂದರೆ ತಿನಿಸಿನ ಹೆಸರು, ಕ್ಯಾರೆಟ್ ತುರಿ, ಟೊಮೆಟೊ ಹಸಿಯಾಗಿಯೇ ಬೀಳುತ್ತವೆ. ನಮ್ಮಲ್ಲಿ ಚುರುಮುರಿ ಅಂದರೆ ಮಂಡಕ್ಕಿಯೇ. ಗಿರ್ಮಿಟ್‌ ಮಾಡುವಾಗ ಅದಕ್ಕೆ ಬೀಳುವುದು ಬೇಯಿಸಿದ ಗೊಜ್ಜು: ಒಗ್ಗರಣೆಯಲ್ಲಿ ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ ಬಾಡಿಸಿ, ಅರಿಶಿನ, ಹುಣಸೆ ರಸ, ಬೆಲ್ಲ ಹಾಕಿ ಎಣ್ಣೆ ಮೇಲೆ ಬರುವವರೆಗೆ ಕುದಿಸಿದ್ದು. ಕಲಸುವಾಗ ಪುಠಾಣಿ, ಅಂದರೆ ನಿಮ್ಮ ಹುರಿಗಡಲೆಯ ಹಿಟ್ಟು ಉದುರಿಸಿದರೆ ಗೊಜ್ಜಿನ ಪಸೆಯನ್ನು ಅದು ಹಿಡಿದುಕೊಳ್ಳುತ್ತದೆ. ಮೇಲೆ ಹಸಿ ಉಳ್ಳಾಗಡ್ಡಿ, ಕೊತ್ತಂಬರಿ, ಸೇವು. ಹಿಟ್ಟು ಹಿಡಿದುಕೊಳ್ಳುವುದೂ ಸ್ವಲ್ಪ ಹೊತ್ತು ಮಾತ್ರ. ಮೇಳದಲ್ಲಿ ಗದ್ದಲಕ್ಕೆ ಹೆದರಿ ಬುಟ್ಟಿಗಟ್ಟಲೆ ಮೊದಲೇ ಕಲಸಿಡುತ್ತಾರೆ, ನಿಮಗೆ ಸಿಕ್ಕಿದ್ದು ಅದೇ ಇರಬೇಕು. ಮುಂದಿನ ಸಲ ಬೋಗುಣಿಯ ಮುಂದೆ ನಿಂತು, "ಈಗ ಕಲಸಿಕೊಡ್ರಿ" ಅನ್ನಿ. ಕೊಡದಿದ್ದರೆ ಮುಂದಿನ ಮಳಿಗೆಗೆ ಹೋಗಿ, ಸಂಕೋಚ ಬೇಡ.

ನಮ್ಮಪ್ಪ ಇಲ್ಲಿನ ರೈಲ್ವೆ ವರ್ಕ್‌ಶಾಪಿನಲ್ಲಿದ್ದರು. ಪಗಾರದ ದಿನ ನಮ್ಮನ್ನೆಲ್ಲ ದುರ್ಗದ ಬೈಲಿಗೆ ಕರಕೊಂಡು ಹೋಗುತ್ತಿದ್ದರು. ಐದು ಜನಕ್ಕೆ ಎರಡೇ ಪ್ಲೇಟ್ ಗಿರ್ಮಿಟ್, ಮಿರ್ಚಿ ಭಜಿ ಮಾತ್ರ ತಲೆಗೊಂದು. ಬಾಣಲೆಯಿಂದ ಇಳಿದ ಮಿರ್ಚಿ ಕಚ್ಚಿ, ಬಾಯಿ ಉರಿಯುವಾಗ ಬೆಲ್ಲದ ಸಿಹಿಯ ಗಿರ್ಮಿಟ್ ಒಂದು ಮುಕ್ಕು. ಎರಡೂ ಒಟ್ಟಿಗೇ ಇರಬೇಕು, ಒಂದಾದ ಮೇಲೊಂದಲ್ಲ. ಅಂದು ಪೇಪರಿನಲ್ಲಿ ಕಟ್ಟಿಕೊಡುತ್ತಿದ್ದರು. ಈಗ ನಾನು ಮನೆಯಿಂದ ಸ್ಟೀಲ್ ತಟ್ಟೆ ಒಯ್ಯುತ್ತೇನೆ. ಬಿಸಿ ಎಣ್ಣೆಗೆ ಅಚ್ಚಿನ ಶಾಯಿ ಬಿಡುತ್ತದೆ, ಅದು ಮಕ್ಕಳ ಹೊಟ್ಟೆಗೆ ಹೋಗಬಾರದು.

ಹೊಟ್ಟೆ ತುಂಬಿದ ಮಾತು. ನಾಲ್ವರಿಗೆ ಒಂದೇ ಪ್ಲೇಟ್ ತಗೊಳ್ಳಿ. ಅದಕ್ಕೂ ಮುಖ್ಯ, ಮನೆಗೆ ಒಯ್ದರೆ ಕೆಡುವುದನ್ನಷ್ಟೇ ಅಲ್ಲಿ ತಿನ್ನಿ. ಗಿರ್ಮಿಟ್, ಮಿರ್ಚಿ, ಪಡ್ಡು, ಹೆಂಚಿನಿಂದ ಈಗಷ್ಟೇ ಎದ್ದ ಮೆತ್ತನೆಯ ಜೋಳದ ರೊಟ್ಟಿ, ಎಣಗಾಯಿ. ಯಾರಾದರೂ ಹೆಣ್ಣುಮಗಳು ಕೂತು ರೊಟ್ಟಿ ಬಡಿಯುತ್ತಿದ್ದರೆ ಮೊದಲು ಅಲ್ಲಿಗೇ ಹೋಗಿ. ಧಾರವಾಡ ಪೇಢೆ, ಸವಣೂರು ಖಾರ, ಕರದಂಟು, ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಚೀಲಕ್ಕೆ. ನೀವು ಮೂರನೇ ಮಳಿಗೆಗೇ ಸೋತದ್ದು ಪೇಢೆಯಿಂದ ಶುರು ಮಾಡಿದ್ದಕ್ಕೇ ಇರಬಹುದು!

ಪ್ರಶ್ನೆ: ಮೇಳದಲ್ಲಿ 'ಬ್ಯಾಡಗಿ ಮಿರ್ಚಿ ಭಜಿ' ಎಂಬ ಫಲಕವಿತ್ತು. ತಿಂದರೆ ಮಾಮೂಲಿ ಹಸಿರು ಮಿರ್ಚಿ.
– ಓದುಗರೊಬ್ಬರು, ಗದಗ

ಉತ್ತರ: ಫಲಕವೇ ತಪ್ಪು. ಭಜಿಗೆ ಬೇಕಾದದ್ದು ಉದ್ದನೆಯ ಹಸಿರು ಕಾಯಿ. ಬ್ಯಾಡಗಿಯದು ಹಣ್ಣಾಗಿ ಒಣಗಿ ಸುಕ್ಕುಗಟ್ಟಿದ ಕೆಂಪು ಕಾಯಿ, ಬಣ್ಣ ಹೆಚ್ಚು, ಖಾರ ಕಡಿಮೆ. 2011ರಲ್ಲಿ ಅದಕ್ಕೆ ಭೌಗೋಳಿಕ ಸೂಚಿ ಮಾನ್ಯತೆ ಸಿಕ್ಕಿದೆ, ಆ ಹೆಸರನ್ನು ಹೀಗೆ ಹಗುರವಾಗಿ ಬಳಸುವುದು ನನಗೆ ಸೇರುವುದಿಲ್ಲ. ಬ್ಯಾಡಗಿ ಇರುವ ಹಾವೇರಿ ಜಿಲ್ಲೆಯವರ ಮಳಿಗೆ ಕಂಡರೆ ಒಣಗಿದ ಕಾಯಿಯನ್ನೇ ಕೇಳಿ ಕಾಲು ಕಿಲೋ ತನ್ನಿ. ಬಿಸಿನೀರಲ್ಲಿ ನೆನೆಸಿ, ಬೆಳ್ಳುಳ್ಳಿ, ಉಪ್ಪು, ಚೂರು ಹುಣಸೆ ಸೇರಿಸಿ ರುಬ್ಬಿ, ರೊಟ್ಟಿಗೆ ಸವರಿ, ಮೇಲೆ ಹಸಿ ಶೇಂಗಾ ಎಣ್ಣೆ ಬಿಟ್ಟುಕೊಳ್ಳಿ.