ಲಿಥಿಯಂ ಜೊತೆ ನೋವಿನ ಮಾತ್ರೆ ನುಂಗಬಹುದೇ?

ಪ್ರಶ್ನೆ: ಬೈಪೋಲಾರ್ ಕಾಯಿಲೆಗೆ (ಮನಸ್ಸು ಉನ್ಮಾದ, ಖಿನ್ನತೆಗಳ ನಡುವೆ ಓಲಾಡುವ ಕಾಯಿಲೆ) ದಿನಕ್ಕೆರಡು ಬಾರಿ ಲಿಥಿಯಂ ತೆಗೆದುಕೊಳ್ಳುತ್ತೇನೆ. ಮೊಣಕಾಲು ನೋವಿಗೆ ಐಬುಪ್ರೊಫೆನ್ ನುಂಗಬಹುದೇ? ರಕ್ತಪರೀಕ್ಷೆಯ ದಿನ ಬೆಳಗಿನ ಮಾತ್ರೆ ಬಿಡಬೇಕೇ?

ಉತ್ತರ: ಐಬುಪ್ರೊಫೆನ್, ಡೈಕ್ಲೋಫೆನಾಕ್, ನ್ಯಾಪ್ರೊಕ್ಸೆನ್ ಇವನ್ನು ವೈದ್ಯರನ್ನು ಕೇಳದೆ ನುಂಗಬೇಡಿ. ಲಿಥಿಯಂ ಹೊರಹೋಗುವುದು ಮೂತ್ರಪಿಂಡಗಳ ಮೂಲಕ. ಈ ಮಾತ್ರೆಗಳು ಆ ಕೆಲಸವನ್ನು ನಿಧಾನಗೊಳಿಸುವುದರಿಂದ ರಕ್ತದಲ್ಲಿ ಅದರ ಮಟ್ಟ ಏರುತ್ತದೆ. ಪ್ಯಾರಾಸಿಟಮಾಲ್‌ಗೆ ಈ ತಕರಾರಿಲ್ಲ. ರಕ್ತದೊತ್ತಡದ ರಾಮಿಪ್ರಿಲ್, ಲೊಸಾರ್ಟನ್, ಥಯಾಜೈಡ್ ಮಾತ್ರೆಗಳೂ ಐಬುಪ್ರೊಫೆನ್‌ನಂತೆ ಲಿಥಿಯಂ ಮಟ್ಟ ಏರಿಸುವಂಥವು. ಹೊಸ ವೈದ್ಯರು ಕೇಳದಿದ್ದರೂ ಲಿಥಿಯಂ ವಿಷಯ ನೀವೇ ಹೇಳಿ. ವಾಂತಿಭೇದಿ, ವಿಪರೀತ ಬೆವರು, ಇದ್ದಕ್ಕಿದ್ದಂತೆ ಉಪ್ಪು ಬಿಡುವುದು ಇವೂ ಮಟ್ಟ ಏರಿಸುತ್ತವೆ. ಉಪ್ಪು ಕಡಿಮೆಯಾದಾಗ ಮೂತ್ರಪಿಂಡ ಸೋಡಿಯಂ ಜೊತೆಗೆ ಲಿಥಿಯಂ ಅನ್ನೂ ಹಿಡಿದಿಟ್ಟುಕೊಳ್ಳುತ್ತದೆ.

ಲಿಥಿಯಂ ಮಟ್ಟದ ಪರೀಕ್ಷೆಗೆ ರಕ್ತ ಕೊಡಬೇಕಾದ್ದು ಹಿಂದಿನ ರಾತ್ರಿಯ ಮಾತ್ರೆಯಾಗಿ 12 ಗಂಟೆಗೆ. ಬೆಳಗಿನ ಮಾತ್ರೆ ಬಿಡುವುದಲ್ಲ, ರಕ್ತ ಕೊಟ್ಟ ಮೇಲೆ ನುಂಗುವುದು. ಮೊದಲೇ ನುಂಗಿದರೆ ಅಂಕಿ ಸುಳ್ಳಾಗಿ ಹೆಚ್ಚು ತೋರಿ, ವಿನಾಕಾರಣ ಡೋಸ್ ಇಳಿಯಬಹುದು. ಡೋಸ್ ಬದಲಾದರೆ 5ರಿಂದ 7 ದಿನ ಬಿಟ್ಟು ಪರೀಕ್ಷಿಸಬೇಕು. ಸಾಮಾನ್ಯ ಗುರಿ ಲೀಟರಿಗೆ 0.6ರಿಂದ 0.8 ಮಿಲಿಮೋಲ್. ಥೈರಾಯ್ಡ್, ಕ್ರಿಯಾಟಿನಿನ್ (ಮೂತ್ರಪಿಂಡದ ಕೆಲಸ ತೋರಿಸುವ ಅಂಕಿ), ಕ್ಯಾಲ್ಸಿಯಂ ಪರೀಕ್ಷೆ 6 ತಿಂಗಳಿಗೊಮ್ಮೆ.

ಬೆರಳುಗಳ ಸಣ್ಣ ನಡುಕ ಹಲವರಲ್ಲಿರುತ್ತದೆ. ಆದರೆ ಕೈ ಜೋರಾಗಿ ನಡುಗಿದರೆ, ಮಾತು ತೊದಲಿದರೆ, ನಡಿಗೆ ತೂರಾಡಿದರೆ, ವಾಂತಿ ನಿಲ್ಲದಿದ್ದರೆ ಮುಂದಿನ ಮಾತ್ರೆ ನುಂಗದೆ ಅಂದೇ ಆಸ್ಪತ್ರೆಗೆ ಹೋಗಿ. ಉಳಿದಂತೆ ಥಟ್ಟನೆ ನಿಲ್ಲಿಸಬೇಡಿ, ಉನ್ಮಾದ ಮರುಕಳಿಸುವ ಅಪಾಯ ದೊಡ್ಡದು. ಒಂದು ಹೊತ್ತು ಮರೆತರೆ ಮುಂದಿನ ಹೊತ್ತಿಗೆ ಎರಡು ಪಟ್ಟು ನುಂಗುವುದೂ ಬೇಡ.