ಮೂರು ವರ್ಷದ ಮಗನಿಗೆ ಫೋನು ಕೊಡಲಾ?

ಸೋಮವಾರಪೇಟೆ ಕಡೆಯ ಓದುಗರೊಬ್ಬರ ಪತ್ರ: 'ಮಗನಿಗೆ 3 ವರ್ಷ, ಮಗಳಿಗೆ 9. ಫೋನು ಕೊಡದಿದ್ದರೆ ಮಗ ತುತ್ತು ನುಂಗುವುದಿಲ್ಲ. ಈಗಲೇ ಕಲಿತರೆ ಮುಂದೆ ಅನುಕೂಲ ಅಂತಾರೆ ನಮ್ಮ ಮನೆಯವರು. ಎಸ್ಸೆಸ್ಸೆಲ್ಸಿ ಮುಗಿಯುವ ತನಕ ಯಾರಿಗೂ ಮುಟ್ಟಿಸಬೇಡ ಅಂತಾರೆ ಮಾವ. ಅವರು ಇವತ್ತಿಗೂ ತೋಟದ ಮಳೆ ಲೆಕ್ಕವನ್ನು ಪುಸ್ತಕದಲ್ಲೇ ಬರೆಯುವವರು. ಯಾರ ಮಾತು ಕೇಳಲಿ?'

ತಂಗಿ, ಮಗನ ವಿಷಯದಲ್ಲಿ ಮಾವನವರ ಮಾತು ಕೇಳಿ. ವಿಡಿಯೊ ನೋಡುವ ಮಗು ತಂತ್ರಜ್ಞಾನವನ್ನೇನೂ ಕಲಿಯುತ್ತಿಲ್ಲ. ಪರದೆ ಸರಿಸುವುದನ್ನು ಯಾವ ವಯಸ್ಸಿನಲ್ಲಾದರೂ ಒಂದೇ ದಿನದಲ್ಲಿ ಕಲಿಯಬಹುದು. ಮಾತು ಹಾಗಲ್ಲ. ಮಗು ಏನೋ ಕೇಳುತ್ತದೆ, ನೀವು ಹೇಳುತ್ತೀರಿ, ಅದು ಇನ್ನೇನೋ ಕೇಳುತ್ತದೆ. ಮಾತು ಬೆಳೆಯುವುದೇ ಹೀಗೆ. ವಿಡಿಯೊ ತಾನು ಹೇಳಬೇಕಾದ್ದನ್ನು ಹೇಳಿಕೊಂಡು ಹೋಗುತ್ತದೆ ಅಷ್ಟೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಕೊಟ್ಟ ಸಲಹೆಯೂ ಇದೇ ದಾರಿಯದು: 2 ವರ್ಷ ತುಂಬುವ ತನಕ ಪರದೆ ಬೇಡ, 4 ವರ್ಷದವರೆಗೆ ದಿನಕ್ಕೆ 1 ಗಂಟೆ ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು.

ಮೊದಲು ಊಟದ ಹೊತ್ತಿನ ಫೋನು ಬಿಡಿಸಿ. ನಾಲ್ಕು ದಿನ ಅತ್ತು ರಂಪ ಮಾಡುತ್ತಾನೆ. ಅಕ್ಕಿ ರೊಟ್ಟಿಯನ್ನು ಅವನೇ ಹರಿದು ತಿನ್ನಲಿ, ಚೆಲ್ಲಿದರೆ ಚೆಲ್ಲಲಿ. ತೋಟದ ಕೆಲಸ ಮುಗಿಸಿ ಬಂದ ನಿಮಗೆ ಇದು ಕಷ್ಟ, ಗೊತ್ತು. ಅದಕ್ಕೇ ಆ ಅರ್ಧ ಗಂಟೆ ನಿಮ್ಮ ಮನೆಯವರೇ ಅವನ ಪಕ್ಕ ಕೂರಲಿ.

ಮಗಳ ವಿಷಯ ಬೇರೆ. 2021ರಲ್ಲಿ ಕೊರೊನಾದಿಂದ ಶಾಲೆ ಮುಚ್ಚಿದ್ದಾಗ ನಿಮ್ಮದೇ ತಾಲ್ಲೂಕಿನ ಸರ್ಕಾರಿ ಶಾಲೆಯ ಮೇಷ್ಟ್ರೊಬ್ಬರು ಸಿಗ್ನಲ್ ಸಿಗಲಿ ಅಂತ ಮರದ ಮೇಲೆ ಅಟ್ಟಣಿಗೆ ಕಟ್ಟಿಕೊಂಡು ಆನ್‌ಲೈನ್ ಪಾಠ ಮಾಡಿದ್ದರು, ನೆನಪಿದೆ ಅಲ್ವಾ? ಇಂಥ ಊರಲ್ಲಿ ಒಂಬತ್ತು ವರ್ಷದ ಹುಡುಗಿಗೆ ಫೋನು ಮುಟ್ಟಲೇಬೇಡ ಅನ್ನುವುದು ನನಗೆ ಸರಿ ಕಾಣುವುದಿಲ್ಲ. ಆದರೆ ಸುಮ್ನೆ ಕೈಗೆ ಕೊಟ್ಟುಬಿಡಬೇಡಿ. ಅದರಲ್ಲಿ ಅವಳು ಏನಾದರೂ ಮಾಡಲಿ.

ಮಾವನವರ ಮಳೆ ಪುಸ್ತಕ ಇದೆಯಲ್ಲ, ಅದರಿಂದಲೇ ಶುರುವಾಗಲಿ. ಬೆಳಿಗ್ಗೆ ಅಜ್ಜ ಮೊಮ್ಮಗಳು ಸೇರಿ ಮಳೆ ಅಳೆಯಲಿ. ಎಷ್ಟು ಇಂಚು, ಎಷ್ಟು ಸೆಂಟು ಅಂತ ಅಜ್ಜ ಪುಸ್ತಕದಲ್ಲಿ ಬರೆಯಲಿ, ಅವಳು ಫೋನಿನ ಸ್ಪ್ರೆಡ್‌ಶೀಟಿನಲ್ಲಿ ತುಂಬಲಿ. ನೂರು ಸೆಂಟಿಗೆ ಒಂದು ಇಂಚು ಅನ್ನುವಾಗಲೇ ದಶಮಾಂಶದ ಪಾಠ ಆಯಿತು. ಹಳೆಯ ವರ್ಷಗಳನ್ನೂ ತುಂಬಿ ಗ್ರಾಫ್ ಮಾಡಲಿ. ಯಾವ ವರ್ಷ ಕಾಫಿ ಹೂ ಅರಳಿಸುವ ಹೂ ಮಳೆ ತಡವಾಯಿತು, ಅದಾದ ಎಷ್ಟು ದಿನಕ್ಕೆ ಕಾಯಿ ಕಚ್ಚಲು ಬೇಕಾದ ಎರಡನೇ ಮಳೆ, ಅಂದರೆ ಬ್ಯಾಕಿಂಗ್ ಮಳೆ ಬಂತು, ಆ ಸಲ ಕಾಫಿ ಹೇಗೆ ಕಚ್ಚಿತು? ಗ್ರಾಫ್ ನೋಡಿ ಅವಳು ಕೇಳುತ್ತಾಳೆ. ಉತ್ತರ ಇರುವುದು ಅಜ್ಜನ ಹತ್ತಿರ.

ಶಾಲೆಯಲ್ಲಿ ಕಂಪ್ಯೂಟರ್ ಇದ್ದರೆ ಸ್ಕ್ರ್ಯಾಚ್ ಹಾಕಿಕೊಡಲು ಕೇಳಿ. ಬಣ್ಣದ ತುಂಡುಗಳನ್ನು ಜೋಡಿಸಿ ಮಕ್ಕಳೇ ಆಟ, ಕಥೆ ಮಾಡುತ್ತಾ ಪ್ರೋಗ್ರಾಮಿಂಗ್ ಕಲಿಯುವ ತಂತ್ರಾಂಶ ಅದು. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದವರು 2007ರಲ್ಲಿ ಹೊರತಂದದ್ದು, ದುಡ್ಡು ಕೊಡಬೇಕಿಲ್ಲ. ಒಮ್ಮೆ ಇಳಿಸಿಕೊಂಡರೆ ಇಂಟರ್ನೆಟ್ ಇಲ್ಲದೆಯೂ ನಡೆಯುತ್ತದೆ, ನಮ್ಮ ಮಳೆಗಾಲಕ್ಕೆ ಹೇಳಿಮಾಡಿಸಿದಂತಿದೆ.

ಇನ್ನೊಂದನ್ನು ಈ ಮಳೆಗಾಲಕ್ಕೆ ಮುಂಚೆಯೇ ಕಲಿಸಿ. 2018ರ ಆಗಸ್ಟಿನಲ್ಲಿ ನಮ್ಮ ಕೊಡಗಿನಲ್ಲಿ ಗುಡ್ಡ ಜರಿದದ್ದನ್ನು ನೋಡಿದವರು ನಾವು. ತುರ್ತು ನೆರವಿನ 112ಕ್ಕೆ ಕರೆ ಮಾಡುವುದು ಹೇಗೆ, ಊರು ದಾರಿ ಹೇಗೆ ಹೇಳಬೇಕು, ಲೊಕೇಶನ್ ಹೇಗೆ ಕಳಿಸಬೇಕು ಅನ್ನುವುದು ಅವಳಿಗೆ ಗೊತ್ತಿರಲಿ.

ಮಳೆಯ ಗ್ರಾಫ್ ಆದ ಮೇಲೆ ನಮಗೂ ಒಂದು ಪ್ರತಿ ಕಳಿಸಲು ಹೇಳಿ. ಅಜ್ಜ, ಮೊಮ್ಮಗಳು ಇಬ್ಬರ ಹೆಸರೂ ಹಾಕಿ ಅಚ್ಚು ಮಾಡುತ್ತೇವೆ.

– ಸಂಪಾದಕ